ಎಸ್.ಎಸ್. ಪುರಂನ ತಟ್ಟೆ ಇಡ್ಲಿ ಹೋಟೆಲ್: ಬೆಳಿಗ್ಗೆ ಹೋಗಿ, ಸಂಜೆ ಬೇಡ

ತುಮಕೂರಿನ ಎಸ್.ಎಸ್. ಪುರಂನ ಅಡ್ಡರಸ್ತೆಯೊಂದರಲ್ಲಿ ಶೀಟು ಹೊದಿಸಿಕೊಂಡು ನಡೆಯುತ್ತಿದ್ದ ತಟ್ಟೆ ಇಡ್ಲಿ ಹೋಟೆಲಿಗೆ ಈಗ ಗಾಜಿನ ಮುಂಭಾಗ, ಟೋಕನ್ ಕೌಂಟರ್, ನಿಂತು ತಿನ್ನುವ ಸ್ಟೀಲ್ ಮೇಜುಗಳು ಬಂದಿವೆ. ಬೆಳಿಗ್ಗೆ 9ರೊಳಗೆ ಹೋದರೆ ಇಡ್ಲಿ ಈಗಲೂ ಹತ್ತಿಯಂತಿದೆ. ಸಂಜೆ ಸಿಗುವುದು ಬೇರೆಯೇ ಇಡ್ಲಿ.

ಅದಕ್ಕೆ ಅಡುಗೆಯವರನ್ನು ಬೈದು ಪ್ರಯೋಜನವಿಲ್ಲ, ಬಾಡಿಗೆಯನ್ನು ನೋಡಬೇಕು. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ರಸ್ತೆ, ಫುಟ್‌ಪಾತ್ ಹೊಸದಾದವು. ಹಳೆಯ ಮನೆಗಳು ಪಿ.ಜಿ.ಗಳಾದವು, ನೆಲಮಹಡಿಗಳು ಅಂಗಡಿಗಳಾದವು. ಬೆಳಿಗ್ಗೆ 6ರಿಂದ ಹತ್ತೂವರೆವರೆಗಿನ ವ್ಯಾಪಾರದಲ್ಲಿ ಈಗಿನ ಬಾಡಿಗೆ ಹುಟ್ಟುವುದಿಲ್ಲ, ರಾತ್ರಿ 10ರವರೆಗೆ ಬಾಗಿಲು ತೆಗೆದಿರಲೇಬೇಕು. ಒಂದು ಹೊತ್ತಿನ ತಿಂಡಿಯನ್ನು ಇಡೀ ದಿನಕ್ಕೆ ಎಳೆದರೆ ಮೊದಲು ಕೆಡುವುದು ಹಿಟ್ಟು.

ತಟ್ಟೆ ಇಡ್ಲಿಯ ಹಿಟ್ಟೆಂದರೆ 4 ಪಾಲು ದಪ್ಪಕ್ಕಿಗೆ 1 ಪಾಲು ಉದ್ದಿನಬೇಳೆ, ಹಿಡಿಯಷ್ಟು ಸಬ್ಬಕ್ಕಿ ಅಥವಾ ಅವಲಕ್ಕಿ. ಉದ್ದು ನೊರೆನೊರೆಯಾಗಬೇಕು, ಅಕ್ಕಿ ಸಣ್ಣ ರವೆಯಷ್ಟಿರಬೇಕು. ರಾತ್ರಿ ರುಬ್ಬಿಟ್ಟದ್ದು ಬೆಳಿಗ್ಗೆ ಹದಕ್ಕೆ ಬರುತ್ತದೆ, ಬೇಸಿಗೆಯಲ್ಲಿ ಮಧ್ಯಾಹ್ನಕ್ಕೆಲ್ಲ ಹುಳಿ ಏರುತ್ತದೆ. ಫ್ರಿಜ್ಜಿಗೆ ಇಟ್ಟರೆ ಹುಳಿ ತಡೆಯುತ್ತದೆ, ಆದರೆ ತಣ್ಣಗಿನ ಹಿಟ್ಟನ್ನು ಎಂದಿನಂತೆ 12ರಿಂದ 15 ನಿಮಿಷ ಮಾತ್ರ ಬೇಯಿಸಿದರೆ ನಡುಭಾಗ ಅಂಟುತ್ತದೆ. ಉಬ್ಬಲಿ ಎಂದು ಸೋಡಾ ಹಾಕುತ್ತಾರೆ. ಸೋಡಾ ಜಾಸ್ತಿಯಾದ ಇಡ್ಲಿ ತುಸು ಹಳದಿ, ಬಾಯಲ್ಲಿ ಸೋಪಿನ ರುಚಿ. ಇಲ್ಲಿನ ಸಂಜೆಯ ಇಡ್ಲಿಯಲ್ಲಿ ಎರಡೂ ಇವೆ. ಸಾಲದ್ದಕ್ಕೆ ಹಾಟ್‌ಬಾಕ್ಸ್ ಬೇರೆ, ಮುಚ್ಚಳದ ಹನಿ ಬಿದ್ದು ಮೇಲ್ಭಾಗ ಲೊಳಲೊಳ.

ಬೆಳಿಗ್ಗೆ 8ಕ್ಕೇ ಎರಡನೇ ಸುತ್ತು ರುಬ್ಬಿಟ್ಟರೆ ಸಂಜೆ 6ಕ್ಕೆ ತಾಜಾ ಹಿಟ್ಟು ಸಿದ್ಧ. ಅದಕ್ಕೆ ಇನ್ನೊಂದು ಗ್ರೈಂಡರ್, ಪಾತ್ರೆ ಇಡಲು ಜಾಗ ಬೇಕು. ಇದ್ದ ಮೂಲೆಯನ್ನು ಜ್ಯೂಸ್ ಕೌಂಟರಿಗೆ ಬಿಟ್ಟುಕೊಟ್ಟಿದ್ದಾರೆ, ಬಾಡಿಗೆಯಲ್ಲಿ ಅಷ್ಟಾದರೂ ಹಂಚಿಹೋಗಲಿ ಎಂದು.

ಒಳ್ಳೆಯದೂ ಇದೆ. ಅಡುಗೆಮನೆ ಹೊರಗಿನಿಂದಲೇ ಕಾಣುತ್ತದೆ, ಕೈತೊಳೆಯುವಲ್ಲಿ ನೀರು ನಿಲ್ಲುವುದಿಲ್ಲ, ಹೆಂಗಸರು ಧೈರ್ಯವಾಗಿ ಬಳಸಬಹುದಾದ ಶೌಚಾಲಯವಿದೆ. ಹಳೆಯ ಹೋಟೆಲಿನಲ್ಲಿ ಇದ್ಯಾವುದೂ ಇರಲಿಲ್ಲ ಎಂಬುದನ್ನು ಹಳೆಯ ಗಿರಾಕಿಗಳು ಮರೆಯುತ್ತಾರೆ. ತಟ್ಟೆಗೆ ಒದ್ದೆ ಬಟ್ಟೆಯನ್ನೇ ಹಾಸುತ್ತಾರೆ. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸಬಾರದೆಂದು ರಾಜ್ಯ ಸರ್ಕಾರ 2025ರಲ್ಲಿ ಹೇಳಿದೆ. ಎಲ್ಲಿ ತಿಂದರೂ ಇಡ್ಲಿ ಮಗುಚಿ ನೋಡಿ: ಬಟ್ಟೆಯದಾದರೆ ತಳದಲ್ಲಿ ನೇಯ್ಗೆಯ ಗುರುತು ಇರುತ್ತದೆ. ತಳ ನಯವಾಗಿದ್ದರೆ ಎಣ್ಣೆ ಸವರಿದ ತಟ್ಟೆಯೂ ಇರಬಹುದು, ಕೇಳಿ ತಿಳಿದುಕೊಳ್ಳಿ.

ಚಟ್ನಿಯಲ್ಲಿ ಕಾಯಿಗಿಂತ ಹುರಿಗಡಲೆ ಜಾಸ್ತಿ. ಕಾಫಿ ಪರವಾಗಿಲ್ಲ, ಬೈ ಟೂ ಕೊಡುವುದಿಲ್ಲ. ಬೆಂಚು ತೆಗೆದದ್ದರಿಂದ ಮಂಡಿನೋವಿನ ಅಜ್ಜಂದಿರು, ಪೇಪರ್ ಹಿಡಿದು ಕೂರುತ್ತಿದ್ದ ಆಟೋದವರು ಈ ಕಡೆ ಬರುವುದು ಕಡಿಮೆ. ಗೋಡೆಗೆ ಒರಗಿಸಿ ನಾಲ್ಕು ಸ್ಟೂಲ್ ಹಾಕಿದರೆ ಯಾರ ವ್ಯಾಪಾರವೂ ಕೆಡದು. ಬೋರ್ಡಿನ ಶೇ. 60 ಭಾಗ ಕನ್ನಡವಿರಬೇಕೆಂಬ ನಿಯಮವಿದ್ದರೂ ಇಲ್ಲಿ ಕನ್ನಡ ಮೂಲೆ ಸೇರಿದೆ.

ಬಿಲ್ಲಿನಲ್ಲಿ ಶೇ. 5 ಜಿಎಸ್‌ಟಿ ಬೇರೆಯಾಗಿ ಹಾಕುತ್ತಾರೆ. ಕಾಂಪೋಸಿಷನ್ ಯೋಜನೆಯಲ್ಲಿರುವ, ಅಂದರೆ ಒಟ್ಟು ವಹಿವಾಟಿನ ಮೇಲೆ ತಾನೇ ತೆರಿಗೆ ಕಟ್ಟುವ ಸಣ್ಣ ಹೋಟೆಲು ಹಾಗೆ ಹಾಕುವಂತಿಲ್ಲ, ಬೋರ್ಡು ಮತ್ತು ಬಿಲ್ಲಿನ ಮೇಲೆ ಒಮ್ಮೆ ಕಣ್ಣಾಡಿಸಿ. ಪಾರ್ಸಲ್ ಬೇಕಿದ್ದರೆ ಡಬ್ಬಿ ಒಯ್ಯಿರಿ, ಮುಚ್ಚಳ ಬಿಗಿಯಬೇಡಿ. ಸಂಜೆಯೇ ತಟ್ಟೆ ಇಡ್ಲಿ ಬೇಕೆಂದರೆ, ತಟ್ಟೆ ನಿಮ್ಮೆದುರೇ ಹಬೆಯಿಂದ ಇಳಿಯುವ ಹೊತ್ತು ಕೇಳಿಕೊಂಡು ಟೋಕನ್ ತೆಗೆಸಿ.