ಒಂದೇ ದಿನದಲ್ಲಿ ಐದು ಜಾಗ ತೋರಿಸುತ್ತೇವೆ ಅನ್ನುವ ಪ್ಯಾಕೇಜ್‌ಗೆ ದುಡ್ಡು ಕಟ್ಟುವ ಮುನ್ನ ಇದನ್ನು ಓದಿ

ಬೆಂಗಳೂರಿನಿಂದ ಬೆಳಗ್ಗೆ ಐದಕ್ಕೆ ಹೊರಟು ಶ್ರವಣಬೆಳಗೊಳ, ಶೆಟ್ಟಿಹಳ್ಳಿ ಚರ್ಚ್, ಮಂಜರಾಬಾದ್ ಕೋಟೆ, ಬೇಲೂರು, ಹಳೇಬೀಡು ನೋಡಿಕೊಂಡು ರಾತ್ರಿ ಹತ್ತಕ್ಕೆ ವಾಪಸ್. ಇಂಥ ಒಂದು ದಿನದ ಪ್ಯಾಕೇಜ್‌ನ ಪೋಸ್ಟರ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ದಯವಿಟ್ಟು ಹೋಗಬೇಡಿ. ವಯಸ್ಸಾದವರನ್ನು, ಚಿಕ್ಕ ಮಕ್ಕಳನ್ನು ಕರೆದುಕೊಂಡಂತೂ ಖಂಡಿತ ಬೇಡ. ಮಾರ್ಚ್‌ನಲ್ಲಿ ಅಮ್ಮ, ಚಿಕ್ಕಮ್ಮ ಮತ್ತು ನಾನು ಹೋಗಿ ಬಂದೆವು. ಅವತ್ತು ರಾತ್ರಿ ಕ್ಷೇಮವಾಗಿ ಮನೆ ಸೇರಿದ್ದೇ ದೊಡ್ಡದು.

ಮೊದಲು ದೂರದ ಲೆಕ್ಕ ನೋಡಿ. ಬೆಂಗಳೂರಿನಿಂದ ಶ್ರವಣಬೆಳಗೊಳ ಸುಮಾರು 145 ಕಿ.ಮೀ. ಅಲ್ಲಿಂದ ಹಾಸನ 50. ಹಾಸನದಿಂದ ಸಕಲೇಶಪುರ 40, ಮಂಜರಾಬಾದ್ ಕೋಟೆ ಊರಿಗಿಂತ ಇನ್ನೂ ಸ್ವಲ್ಪ ಮುಂದೆ. ಸಕಲೇಶಪುರದಿಂದ ಬೇಲೂರು 35ರ ಮೇಲೆ, ಬೇಲೂರಿನಿಂದ ಹಳೇಬೀಡು 16. ಹಳೇಬೀಡಿನಿಂದ ಬೆಂಗಳೂರಿಗೆ 200ಕ್ಕೂ ಜಾಸ್ತಿ. ಶೆಟ್ಟಿಹಳ್ಳಿಗೆ ಹೋಗಿ ಬರುವುದನ್ನು ಬಿಟ್ಟರೂ 500 ಕಿ.ಮೀ. ಆಯಿತು. ತುಂಬಿದ ವಾಹನ ಊರುಗಳ ನಡುವೆ, ಹಂಪ್‌ಗಳ ಮೇಲೆ, ಟ್ರಾಫಿಕ್‌ನಲ್ಲಿ ಗಂಟೆಗೆ ಸರಾಸರಿ 50 ಕಿ.ಮೀ. ಓಡಿದರೂ ಹತ್ತು ಗಂಟೆ ಚಕ್ರದ ಮೇಲೆಯೇ ಕಳೆಯಿತು. ಉಳಿದ ಏಳು ಗಂಟೆಯಲ್ಲಿ ಪಿಕಪ್, ತಿಂಡಿ, ಊಟ, ಶೌಚಾಲಯ, ಐದು ಜಾಗ ಎಲ್ಲ ಮುಗಿಯಬೇಕು. ಪೋಸ್ಟರ್ ಮಾಡಿದವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲವೇ? ಚೆನ್ನಾಗಿ ಗೊತ್ತಿರುತ್ತದೆ. ಜಾಗಗಳ ಪಟ್ಟಿ ಉದ್ದವಾದಷ್ಟೂ ಸೀಟು ಬೇಗ ತುಂಬುತ್ತದೆ, ಅಷ್ಟೇ.

ಅವತ್ತು ಪಿಕಪ್‌ನಲ್ಲೇ ಎರಡೂವರೆ ಗಂಟೆ ಹೋಯಿತು. ನಾವು ಐದಕ್ಕೆ ಹತ್ತಿದೆವು. ಊರೆಲ್ಲ ಸುತ್ತಿ ಕೊನೆಯವರನ್ನು ಹತ್ತಿಸಿಕೊಳ್ಳುವಾಗ ಏಳೂವರೆ. ಎಸಿ ಮಿನಿ ಬಸ್ ಎಂದಿದ್ದರು, ಬಂದದ್ದು ಎಸಿ ಕೆಟ್ಟ ಟಿಟಿ (ಟೆಂಪೋ ಟ್ರಾವೆಲರ್). ಅದನ್ನು ಬಿಡಿ, ಸಹಿಸಿಕೊಳ್ಳಬಹುದಿತ್ತು.

ಶ್ರವಣಬೆಳಗೊಳ ತಲುಪಿದಾಗ ಹನ್ನೊಂದೂವರೆ. ಬಾಹುಬಲಿ ಮೂರ್ತಿ ಇರುವ ವಿಂಧ್ಯಗಿರಿ ಬೆಟ್ಟವನ್ನು ಗೊತ್ತಿದ್ದವರು ಯಾರೂ ಆ ಹೊತ್ತಿಗೆ ಹತ್ತಲು ಶುರು ಮಾಡುವುದಿಲ್ಲ. ಬೆಟ್ಟಕ್ಕೆ ಬರಿಗಾಲಲ್ಲೇ ಹೋಗಬೇಕು. ಮೆಟ್ಟಿಲುಗಳನ್ನು ಕಡಿದಿರುವುದು ಬಂಡೆಯಲ್ಲೇ, ಆರುನೂರಕ್ಕೂ ಹೆಚ್ಚು ಇವೆ, ಬಹುಪಾಲು ಕಡೆ ನೆರಳಿಲ್ಲ. ಮಾರ್ಚ್ ಮಧ್ಯಾಹ್ನದ ಬಂಡೆ ಕಾದ ಕಾವಲಿಯೇ. ಟೂರ್ ಮ್ಯಾನೇಜರ್ ಹುಡುಗ ಕೆಳಗೇ ನಿಂತು, “ಒಂದು ಗಂಟೆ ಟೈಮ್, ಕರೆಕ್ಟಾಗಿ ಹನ್ನೆರಡೂವರೆಗೆ ಗಾಡಿ ಹತ್ರ ಇರ್ಬೇಕು” ಎಂದ. ಸಾಕ್ಸ್ ಹಾಕಿಕೊಂಡು ಹತ್ತಬಹುದು ಎಂದು ಹೇಳಲಿಲ್ಲ. ವಯಸ್ಸಾದವರಿಗೆ ಡೋಲಿ ಸಿಗುತ್ತದೆ ಎಂದೂ ಹೇಳಲಿಲ್ಲ. ಅಮ್ಮ ಅರ್ಧ ದಾರಿಯಲ್ಲಿ ಕಂಬಿ ಹಿಡಿದು ನಿಂತುಬಿಟ್ಟರು. ಒಂದು ಪಾದ ಎತ್ತಿ ಇನ್ನೊಂದರ ಮೇಲೆ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ನೋಡಿದರೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. “ನೀವಾದ್ರೂ ನೋಡ್ಕೊಂಡು ಬನ್ನಿ, ನಾನು ಇಲ್ಲೇ ಕೂತಿರ್ತೀನಿ” ಎಂದರು. ಚಾವುಂಡರಾಯ 981ರಲ್ಲಿ ನಿಲ್ಲಿಸಿದ, 58 ಅಡಿ ಎತ್ತರದ ಆ ಮೂರ್ತಿಯ ಎದುರು ಒಂದರ್ಧ ಗಂಟೆ ಸುಮ್ಮನೆ ಕೂರಬೇಕು ಎಂಬುದು ಅಮ್ಮನ ಬಹಳ ದಿನದ ಆಸೆ. ಅದಕ್ಕಾಗಿಯೇ ಅವರು ಬಂದಿದ್ದು. ಬಾಹುಬಲಿಯ ಮುಖವನ್ನೂ ನೋಡದೆ ಇಳಿದರು.

ಊಟಕ್ಕೆ ಟೂರ್‌ನವರು ಹೇಳಿದ್ದೇ ಹೋಟೆಲ್, ಅಲ್ಲಿ ಒಂದೂಕಾಲು ಗಂಟೆ. ಆಮೇಲೆ “ಟೈಮ್ ಇಲ್ಲ” ಎಂದು ಶೆಟ್ಟಿಹಳ್ಳಿಯನ್ನು ಕೈಬಿಟ್ಟರು.

ಪೋಸ್ಟರ್‌ನ ಫೋಟೋ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚ್ ನೀರಿನಲ್ಲಿ ಅರ್ಧ ಮುಳುಗಿ ನಿಂತ ಚಿತ್ರ ಹಾಕಿದ್ದರು. ಗೊರೂರಿನ ಹೇಮಾವತಿ ಜಲಾಶಯ ಮಳೆಗಾಲದಲ್ಲಿ ತುಂಬಿದಾಗ ಕಾಣುವ ನೋಟ ಅದು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಿರುತ್ತದೆ, ಚರ್ಚ್ ಒಣ ನೆಲದ ಮೇಲೆ ನಿಂತಿರುತ್ತದೆ. ಅದೂ ಚೆಂದವೇ, ಆದರೆ ಮಾರ್ಚ್‌ನ ಟೂರ್‌ಗೆ ಮಳೆಗಾಲದ ಚಿತ್ರ ತೋರಿಸಿ ದುಡ್ಡು ತೆಗೆದುಕೊಳ್ಳುವುದು ಮೋಸ. ಮಂಜರಾಬಾದ್‌ದೂ ಇದೇ ಕತೆ. 1792ರಲ್ಲಿ ಟಿಪ್ಪು ಕಟ್ಟಿಸಿದ ಈ ಕೋಟೆ ಎಂಟು ಮೂಲೆಯ ನಕ್ಷತ್ರದ ಹಾಗಿದೆ ನಿಜ. ಆದರೆ ಆ ನಕ್ಷತ್ರ ಕಾಣುವುದು ಡ್ರೋನ್ ಕ್ಯಾಮೆರಾಕ್ಕೆ. ಕಾಲ್ನಡಿಗೆಯಲ್ಲಿ ಹೋದವರು ಗೋಡೆಯ ಮೇಲೆ ನಿಧಾನವಾಗಿ ಸುತ್ತು ಹಾಕಿದರೆ ಮೂಲೆಗಳ ವಿನ್ಯಾಸ ಸ್ವಲ್ಪ ಸ್ವಲ್ಪವಾಗಿ ಅರ್ಥವಾಗುತ್ತದೆ. ನಮಗೆ ಕೊಟ್ಟದ್ದು ಇಪ್ಪತ್ತು ನಿಮಿಷ. ಮೆಟ್ಟಿಲು ಹತ್ತಿ ಬಾಗಿಲು ಮುಟ್ಟುವಷ್ಟರಲ್ಲಿ ಕೆಳಗಿನಿಂದ ಹಾರ್ನ್.

ಬೇಲೂರಿಗೆ ಬಂದಾಗ ಐದು ದಾಟಿತ್ತು. ಕೊರಳಲ್ಲಿ ಗುರುತಿನ ಚೀಟಿ ಇಲ್ಲದ ಒಬ್ಬರು ಗೈಡ್ ಎಂದು ಬಂದರು. ಪ್ಯಾಕೇಜ್‌ನಲ್ಲಿ ಗೈಡ್ ಸೇರಿದೆ ಎಂದಿದ್ದರೂ ತಲೆಗೆ ನೂರು ರೂಪಾಯಿ ಕೇಳಿದರು, ಎಲ್ಲರೂ ಕೊಟ್ಟರು. ಚೆನ್ನಕೇಶವ ದೇವಾಲಯದ 42 ಮದನಿಕೆಯರಲ್ಲಿ (ಶಿಲಾಬಾಲಿಕೆಯರಲ್ಲಿ) 38 ಹೊರಗಿದ್ದಾರೆ, ನಾಲ್ವರು ಒಳಗಿದ್ದಾರೆ. ಒಳಗೆ ಕತ್ತಲು, ಮೇಲಕ್ಕೆ ಲೈಟ್ ಹಿಡಿದು ತೋರಿಸದೆ ಆ ನಾಲ್ವರು ಕಾಣುವುದೇ ಇಲ್ಲ. ನಮ್ಮನ್ನು ಒಳಗೆ ಕರೆದುಕೊಂಡು ಹೋಗಲಿಲ್ಲ. “ದರ್ಪಣ ಸುಂದರಿ ನೋಡಿದ್ರಲ್ಲ, ಅದೇ ಮೇನು” ಎಂದು ಮುಗಿಸಿದರು. 1117ರಲ್ಲಿ ಪ್ರತಿಷ್ಠೆಯಾದ, 2023ರಲ್ಲಿ ಹಳೇಬೀಡು, ಸೋಮನಾಥಪುರದ ಜತೆಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ದೇವಾಲಯವನ್ನು ನಮ್ಮ ನಾಡಿನವರಿಗೇ ಹೀಗೆ ತೋರಿಸಿದರೆ ಹೊಟ್ಟೆ ಉರಿಯುವುದಿಲ್ಲವೇ?

ಹಳೇಬೀಡಿನಲ್ಲಿ ಸೂರ್ಯ ಮುಳುಗಿಯಾಗಿತ್ತು. ಕಾವಲಿನವರು ಸೀಟಿ ಊದಿ ಜನರನ್ನು ಹೊರಗೆ ಕಳಿಸುತ್ತಿದ್ದರು. ಅವರ ತಪ್ಪಲ್ಲ, ಮುಚ್ಚುವ ಹೊತ್ತಾಗಿತ್ತು. ಗೋಡೆಯ ಕೆಳಗಿನ ಆನೆಗಳ ಸಾಲು ಮಬ್ಬಾಗಿ ಕಂಡಿತು. ಅದರ ಮೇಲಿನ ಸಿಂಹ, ಬಳ್ಳಿ, ಕುದುರೆ ಸವಾರರು, ರಾಮಾಯಣ-ಮಹಾಭಾರತದ ಕತೆಗಳು, ಯಾವುದೂ ಕಾಣಲಿಲ್ಲ. ಬಳಪದ ಕಲ್ಲಿನಲ್ಲಿ ಅಷ್ಟು ಸಣ್ಣ ಕೆತ್ತನೆ ಕಾಣಬೇಕಾದರೆ ಓರೆಯಾಗಿ ಬೀಳುವ ಬಿಸಿಲು ಬೇಕು. ನನ್ನ ಪಕ್ಕದಲ್ಲಿದ್ದ ಒಬ್ಬ ಹುಡುಗ ಮೊಬೈಲ್ ಟಾರ್ಚ್ ಹಿಡಿದು ಒಂದೊಂದೇ ಆನೆ ಎಣಿಸುತ್ತಿದ್ದ. ಅವನಪ್ಪ ಕೈ ಹಿಡಿದು ಎಳೆದುಕೊಂಡು ಹೋದರು.

ಇಷ್ಟಾಗಿದ್ದರೆ ದುಡ್ಡು ಹೋಯಿತು ಎಂದು ಸುಮ್ಮನಾಗುತ್ತಿದ್ದೆ. ಮುಂದಿನದಕ್ಕಾಗಿಯೇ ಇಷ್ಟು ಬರೆಯುತ್ತಿರುವುದು.

ವಾಪಸ್ ಬರುವಾಗ ಚನ್ನರಾಯಪಟ್ಟಣ ದಾಟಿದ ಮೇಲೆ ಟಿಟಿ ಒಮ್ಮೆ ಎಡಕ್ಕೆ ವಾಲಿ, ರಸ್ತೆ ಅಂಚಿನ ಮಣ್ಣಿಗೆ ಇಳಿದು, ಜರ್ ಎಂದು ಮತ್ತೆ ಮೇಲೆ ಬಂತು. ಬಹಳ ಜನ ನಿದ್ದೆಯಲ್ಲಿದ್ದರು. ನಾನು ಮುಂದಿನ ಸೀಟಿನಲ್ಲಿದ್ದೆ. ಕನ್ನಡಿಯಲ್ಲಿ ಡ್ರೈವರ್ ಅಣ್ಣನ ಕಣ್ಣು ಕಂಡಿತು. ಮುಚ್ಚಿಕೊಳ್ಳುತ್ತಿತ್ತು, ಥಟ್ಟನೆ ತೆರೆಯುತ್ತಿತ್ತು, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಎದ್ದು ಅವರ ಪಕ್ಕ ಹೋಗಿ ಮಾತನಾಡಿಸಿದೆ. ಹಿಂದಿನ ರಾತ್ರಿ ಹನ್ನೆರಡಕ್ಕೆ ಬೇರೆ ಟ್ರಿಪ್ ಮುಗಿಸಿ, ಗಾಡಿಯಲ್ಲೇ ಮಲಗಿ, ಮೂರಕ್ಕೆ ಎದ್ದಿದ್ದರಂತೆ. “ಏನ್ ಮಾಡೋದು ಮೇಡಂ, ಆಗಲ್ಲ ಅಂದ್ರೆ ನಾಳೆಯಿಂದ ಬೇರೆಯವರನ್ನ ಕರೀತಾರೆ” ಎಂದರು. ಟೂರ್ ಹುಡುಗ ಗಾಡಿ ನಿಲ್ಲಿಸಲು ಒಪ್ಪಲಿಲ್ಲ. ನಾಲ್ಕೈದು ಜನ ಎದ್ದು ಗಲಾಟೆ ಮಾಡಿದ ಮೇಲೆ ಬೆಳ್ಳೂರು ಕ್ರಾಸ್‌ನಲ್ಲಿ ನಿಲ್ಲಿಸಿದರು. ಡ್ರೈವರ್ ಸ್ಟೀರಿಂಗ್ ಮೇಲೆ ತಲೆಯಿಟ್ಟದ್ದೇ ತಡ, ನಿದ್ದೆ. ಒಂದು ಗಂಟೆ ಎಬ್ಬಿಸಲು ನಾವು ಬಿಡಲಿಲ್ಲ. ಆಮೇಲೆ ಬೆಂಗಳೂರಿನವರೆಗೆ ಒಬ್ಬರಾದ ಮೇಲೊಬ್ಬರು ಪಕ್ಕದಲ್ಲಿ ಕೂತು ಮಾತನಾಡಿಸುತ್ತಲೇ ಬಂದೆವು. ತಲುಪಿದಾಗ ರಾತ್ರಿ ಒಂದೂವರೆ. ಎಲ್ಲರನ್ನೂ ಒಂದೇ ಸರ್ಕಲ್‌ನಲ್ಲಿ ಇಳಿಸಿ ಹೋದರು.

ಆ ಡ್ರೈವರ್ ಮೇಲೆ ನನಗೆ ಸಿಟ್ಟಿಲ್ಲ. ಡ್ರೈವರ್‌ಗಳ ಕೆಲಸ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಒಬ್ಬರೇ ಮನುಷ್ಯ ಇಪ್ಪತ್ತು ಗಂಟೆ ಗಾಡಿ ಓಡಿಸಬೇಕಾದ ಪ್ಲಾನ್ ಹಾಕಿದವರೇ ಇದಕ್ಕೆ ಹೊಣೆ.

ಹಾಗಾಗಿ ಯಾವ ಟೂರ್‌ನವರಿಗೇ ಆಗಲಿ ಫೋನ್ ಮಾಡಿದಾಗ ಮೊದಲು ಕೇಳಬೇಕಾದದ್ದು ಎಷ್ಟು ಜಾಗ ಅಂತಲ್ಲ, ಎಷ್ಟು ಡ್ರೈವರ್ ಅಂತ. ಹಿಂದಿನ ದಿನ ಅವರು ಟ್ರಿಪ್‌ಗೆ ಹೋಗಿದ್ದರಾ ಅಂತಲೂ ಕೇಳಿ. ಕೊನೆಯ ಪಿಕಪ್ ಎಷ್ಟು ಹೊತ್ತಿಗೆ, ಪ್ರತಿ ಜಾಗದಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರಿ ಎನ್ನುವುದನ್ನು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಬೇಡ. ಗಾಡಿ ನಂಬರ್ ಹಿಂದಿನ ದಿನವೇ ತೆಗೆದುಕೊಂಡು ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಫಿಟ್‌ನೆಸ್, ಇನ್ಶೂರೆನ್ಸ್ ನೋಡಿ. ಬಾಡಿಗೆ ಗಾಡಿಗೆ ಹಳದಿ ಬೋರ್ಡ್ ಇರಲೇಬೇಕು. ಬಿಳಿ ಬೋರ್ಡ್ ಬಂದರೆ ಹತ್ತಬೇಡಿ.

ಈ ಜಾಗಗಳನ್ನು ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಸನದಲ್ಲಿ ಒಂದು ರಾತ್ರಿ ಉಳಿದುಕೊಳ್ಳಿ. ಅಲ್ಲಿಂದ ಬೇಲೂರಿಗೂ ಹಳೇಬೀಡಿಗೂ ಸರ್ಕಾರಿ ಬಸ್ ಸಿಗುತ್ತದೆ. ಎರಡನ್ನೂ ಒಂದು ದಿನದಲ್ಲಿ ಆರಾಮಾಗಿ ನೋಡಬಹುದು. ಬೇಲೂರಿನಲ್ಲಿ ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕುತ್ತಾರೆ, ಅದನ್ನು ನೋಡಿಕೊಂಡು ಹೊರಡಿ. ಒಂದೇ ದಿನ ರಜೆ ಇದ್ದರೆ ಶ್ರವಣಬೆಳಗೊಳ ಒಂದಕ್ಕೇ ಹೋಗಿ. ಅಲ್ಲಿಗೆ ರೈಲೂ ಇದೆ. ಆದಷ್ಟು ಬೆಳಗ್ಗೆಯೇ ಬೆಟ್ಟ ಹತ್ತಿ ಇಳಿದುಬಿಡಿ.

ಈಗಾಗಲೇ ದುಡ್ಡು ಕಟ್ಟಿ ಮೋಸ ಹೋದವರಿದ್ದರೆ ಪೋಸ್ಟರ್, ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್, ಮೆಸೇಜ್‌ಗಳನ್ನು ಅಳಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ನಾವು ಕೊಟ್ಟಿದ್ದೇವೆ. ಶೆಟ್ಟಿಹಳ್ಳಿ ತೋರಿಸದೇ ಇದ್ದದ್ದನ್ನೂ, ಡ್ರೈವರ್‌ಗೆ ವಿಶ್ರಾಂತಿ ಕೊಡದೇ ಇದ್ದದ್ದನ್ನೂ ಬೇರೆ ಬೇರೆಯಾಗಿ ಬರೆಸಿದ್ದೇವೆ. ದಾರಿಯಲ್ಲೇ ಡ್ರೈವರ್ ತೂಕಡಿಸುತ್ತಿದ್ದಾರೆ, ಗಾಡಿ ನಿಲ್ಲಿಸುತ್ತಿಲ್ಲ ಎಂದಾದರೆ ನಾಚಿಕೊಳ್ಳದೆ ತುರ್ತು ಸಹಾಯದ 112ಕ್ಕೆ ಫೋನ್ ಮಾಡಿ, ಗಾಡಿ ನಂಬರ್ ಮತ್ತು ಮುಂದೆ ಬರುವ ಊರಿನ ಹೆಸರು ಹೇಳಿ.