ಕಾಲಡಿಯ ಮ್ಯಾಟ್ ಒದ್ದೆಯಾದರೆ ‘ಎಸಿ ನೀರು’ ಅಂತ ಬಿಟ್ಟುಬಿಡಬೇಡಿ

ಚಿಕ್ಕಮಗಳೂರು ಕಡೆಯ 2003ರ ಒಂದು ಸಣ್ಣ ಕಾರು. ಹೀಟರ್ ಕೋರ್ ಸೋರಿದ್ದಕ್ಕೆ ಅದರ ಡ್ಯಾಶ್‌ಬೋರ್ಡನ್ನು ಎರಡು ಸಲ ಪೂರ್ತಿ ಇಳಿಸಬೇಕಾಯಿತು. ನಡುವೆ ರೇಡಿಯೇಟರ್ ಕೂಡ ಬಲಿಯಾಯಿತು. ಹೀಟರ್ ಕೋರ್ ಅಂದರೆ ಡ್ಯಾಶ್‌ಬೋರ್ಡ್ ಹಿಂದೆ ಅಡಗಿರುವ ಮರಿ ರೇಡಿಯೇಟರ್, ಗಾತ್ರದಲ್ಲಿ ಒಂದು ದಪ್ಪ ಪುಸ್ತಕದಷ್ಟು. ಎಂಜಿನ್ ತಂಪಿಡುವ ಬಣ್ಣದ ದ್ರವ, ಅಂದರೆ ಕೂಲಂಟ್, ಬಿಸಿಯಾಗಿ ಇದರೊಳಗೆ ಹರಿದು ಹೀಟರ್ ಗಾಳಿಗೆ ಬಿಸಿ ಕೊಡುತ್ತದೆ. ಸಾಮಾನಿನ ಬೆಲೆ ದೊಡ್ಡದಲ್ಲ, ಬಿಲ್ ಏರುವುದೆಲ್ಲ ಬಿಚ್ಚಿ ಕೂರಿಸುವ ಕೂಲಿಯಲ್ಲಿ. ಹಾಗಾಗಿ ಒಂದೇ ಸಲಕ್ಕೆ ಸರಿಯಾಗಿ ಮುಗಿಯಬೇಕಾದ ಕೆಲಸ ಇದು.

ಮೊದಲು ಕಂಡ ಲಕ್ಷಣ ಎಡಗಡೆ ಸೀಟಿನ ಮುಂದೆ ಒದ್ದೆ ಮ್ಯಾಟ್. ಗ್ಯಾರೇಜಿನವರು ಮುಟ್ಟಿ ನೋಡಿ, ಬಣ್ಣ ಇಲ್ಲ, ಎಸಿ ಡ್ರೇನ್ (ಎಸಿಯ ನೀರು ಹೊರಹೋಗುವ ಪೈಪು) ಕಟ್ಟಿಕೊಂಡಿದೆ ಅಂದರು, ಪೈಪು ಊದಿ ಕಳಿಸಿದರು. ಎಡವಿದ್ದು ಅಲ್ಲೇ. ಕೂಲಂಟ್ ಕಡಿಮೆಯಾದಾಗಲೆಲ್ಲ ತಿಂಗಳುಗಟ್ಟಲೆ ಬೋರ್‌ವೆಲ್ ನೀರು ಸುರಿದ ಕಾರಿನಲ್ಲಿ ಹಸಿರು ಬಣ್ಣ ಎಲ್ಲಿಂದ ಉಳಿಯಬೇಕು? ಬಣ್ಣ ನಂಬಬೇಡಿ. ಎರಡು ಬೆರಳ ನಡುವೆ ಉಜ್ಜಿ ನೋಡಿ, ಸ್ವಲ್ಪವಾದರೂ ಜಾರಿದರೆ ಅದು ಎಸಿ ನೀರಲ್ಲ. ಬ್ಲೋವರ್ ಹಾಕಿದಾಗ ಸಿಹಿ ವಾಸನೆ ಬಂದರೆ, ಮುಂದಿನ ಗಾಜಿನ ಒಳಮೈಯಲ್ಲಿ ಒರೆಸಿದರೂ ಹೋಗದ ಜಿಡ್ಡು ಮಂಜು ಕೂತರೆ ಅನುಮಾನವೇ ಬೇಡ. ಇನ್ನೂ ಖಾತ್ರಿ ಬೇಕಿದ್ದರೆ ಮಳೆಯಿಲ್ಲದ ಎರಡು ದಿನ ಎಸಿ ಹಾಕದೆ ಓಡಿಸಿ. ಆಗಲೂ ಮ್ಯಾಟ್ ಒದ್ದೆಯಾಗುತ್ತಿದ್ದು, ತಣ್ಣಗಿರುವ ಎಂಜಿನ್‌ನಲ್ಲಿ ಕೂಲಂಟ್ ಮಟ್ಟ ಇಳಿದಿದ್ದರೆ ಸೋರುತ್ತಿರುವುದು ಕೋರ್.

ಎರಡನೇ ತಪ್ಪು ಲೀಕ್ ನಿಲ್ಲಿಸುವ ಪುಡಿ. (ಅರಿಶಿನ ಹಾಕುವವರೂ ಇದ್ದಾರೆ. ಘಾಟಿ ನಡುವೆ ಸಿಕ್ಕಿಹಾಕಿಕೊಂಡು ಮನೆ ಮುಟ್ಟಲು ಹಾಕಿದರೆ ಕ್ಷಮಿಸಬಹುದು, ಅದನ್ನೇ ರಿಪೇರಿ ಅಂದುಕೊಂಡರೆ ಇಲ್ಲ.) ತೂತು ಮುಚ್ಚುವ ಪುಡಿಗೆ ತೂತು ಯಾವುದು, ದಾರಿ ಯಾವುದು ಅಂತ ಗೊತ್ತಾಗುವುದಿಲ್ಲ. ಕೋರಿನ ಕೊಳವೆಗಳು ಮೊದಲೇ ಕಿರಿದು, ಅವು ಕಟ್ಟಿದವು. ರೇಡಿಯೇಟರ್‌ನ ಕೆಳಗಿನ ಸಾಲುಗಳಲ್ಲೂ ಕೆಸರು ಕೂತಿತು. ಏರುದಾರಿಯಲ್ಲಿ ಟೆಂಪರೇಚರ್ ಮುಳ್ಳು ಮೇಲೇರಲು ಶುರುವಾದದ್ದು ಆಮೇಲೆ.

ಕೊನೆಗೆ ಗುಜರಿಯಿಂದ ಹಳೇ ಕೋರ್ ತಂದು ಹಾಕಿದರು. ಮೂರು ವಾರಕ್ಕೆ ಅದೂ ಸೋರಿತು. ಬಿಚ್ಚಿ ನೋಡಿದಾಗ ಕೋರಿನ ಕಿರಿದಾದ ಕೊಳವೆಗಳೆಲ್ಲ ಸರಿಯಾಗಿಯೇ ಇದ್ದವು. ಸೋರುತ್ತಿದ್ದದ್ದು ಹೋಸ್ ಸಿಕ್ಕಿಸುವ ಪೈಪು ಕೋರಿನ ಅಂಚಿನ ಟ್ಯಾಂಕಿಗೆ ಸೇರುವ ಜಾಗ. ಅಲ್ಲಿ ಅರ್ಧ ಸುತ್ತು ಸೀಳು, ಸುತ್ತ ಬಿಳಿ ಉಪ್ಪು. ಗಟ್ಟಿಯಾಗಿದ್ದ ಹಳೇ ಹೋಸನ್ನೇ ಮತ್ತೆ ಒತ್ತಿ ಕೂರಿಸಿದ್ದರು, ಅದು ಹತ್ತದಿದ್ದಾಗ ಪ್ಲೈಯರ್‌ನಲ್ಲಿ ಹಿಡಿದು ತಿರುಚಿದ್ದರು. ತೆಳು ಅಲ್ಯೂಮಿನಿಯಂ ಪೈಪು ಅದನ್ನು ತಡೆಯುವುದಿಲ್ಲ. ಎಂಜಿನ್ ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಸೀಳು ಬಾಯಿ ಬಿಡುತ್ತದೆ, ಆದ್ದರಿಂದ ಗ್ಯಾರೇಜಿನಲ್ಲಿ ಐದು ನಿಮಿಷ ಐಡ್ಲಿಂಗ್ ಮಾಡಿದಾಗ ಏನೂ ಕಾಣಲಿಲ್ಲ.

ಸರಿಯಾದ ಕ್ರಮ ಹೀಗೆ. ಎಂಜಿನ್ ಪೂರ್ತಿ ತಣ್ಣಗಾಗಲಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಏರ್‌ಬ್ಯಾಗ್ ಇದ್ದರೆ ಮ್ಯಾನ್ಯುಯಲ್ ಹೇಳುವಷ್ಟು ಹೊತ್ತು ಕಾಯಿರಿ. ಕೂಲಂಟ್ ಇಳಿಸಿ. ಎಂಜಿನ್ ಕಡೆಯಿಂದ ಫೈರ್‌ವಾಲ್ (ಎಂಜಿನ್‌ಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ಗೋಡೆ) ಹೊಕ್ಕುವ ಎರಡು ಹೋಸ್‌ಗಳನ್ನು ಎಳೆಯಬೇಡಿ, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಬಿಡಿಸಿ, ಹೇಗೂ ಹೊಸದು ಹಾಕಬೇಕು. ಒಂದು ಪೈಪಿಗೆ ಮೆಲ್ಲನೆ ಗಾಳಿ ಕೊಟ್ಟು ಇನ್ನೊಂದರಿಂದ ಉಳಿದ ಕೂಲಂಟ್ ಹೊರಹಾಕಿ, ಇಲ್ಲದಿದ್ದರೆ ಕೋರ್ ಎಳೆಯುವಾಗ ಅಷ್ಟೂ ಕಾರ್ಪೆಟ್ ಮೇಲೆ. ಬಾಯಲ್ಲಿ ಊದಬೇಡಿ, ಹೀರಬೇಡಿ. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ಇಳಿಸಿದ ಬೋಗುಣಿಯನ್ನು ನಾಯಿ ಬೆಕ್ಕಿಗೆ ಸಿಗುವ ಹಾಗೆ ಬಿಡಲೂ ಬೇಡಿ.

ಡ್ಯಾಶ್‌ಬೋರ್ಡ್ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಇಡಿ, ಹಳೇ ಇಡ್ಲಿ ತಟ್ಟೆಯಷ್ಟು ಒಳ್ಳೆಯ ಡಬ್ಬಿ ಇದಕ್ಕೆ ಬೇರೆ ಇಲ್ಲ. ಉದ್ದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಡಕ್ಟ್ ತೂತಾಗುತ್ತದೆ, ವೈರೂ ಚುಚ್ಚಬಹುದು. ಕೆಲವು ಕಾರುಗಳಲ್ಲಿ ಹೀಟರ್ ಬಾಕ್ಸ್ ಹೊರಬರಲು ಎಸಿಯ ಇವ್ಯಾಪೊರೇಟರ್ (ಗಾಳಿ ತಂಪು ಮಾಡುವ ಭಾಗ) ಪೈಪೂ ಬಿಚ್ಚಬೇಕು. ಹಾಗಿದ್ದರೆ ಗ್ಯಾಸನ್ನು ಮೆಷಿನ್‌ನಲ್ಲಿ ತೆಗೆಸಿ, ಗಾಳಿಗೆ ಬಿಡುವವರ ಕೈಗೆ ಕಾರು ಕೊಡಬೇಡಿ.

ಹೊಸ ಕೋರ್ ಕೂರಿಸುವ ಮುನ್ನ ಒಂದು ಪೈಪು ಮುಚ್ಚಿ, ಇನ್ನೊಂದಕ್ಕೆ ರೇಡಿಯೇಟರ್ ಕ್ಯಾಪ್ ಮೇಲೆ ಬರೆದಿರುವಷ್ಟೇ ಒತ್ತಡದ ಗಾಳಿ ಕೊಟ್ಟು ಬಕೆಟ್ ನೀರಿನಲ್ಲಿ ಮುಳುಗಿಸಿ. ಹಳೇ ಕಾರುಗಳಲ್ಲಿ ಸಾಮಾನ್ಯವಾಗಿ ಅದು 0.9 ಅಥವಾ 1.1 ಬಾರ್. ಹದಿನೈದು ನಿಮಿಷ ಒಂದು ಗುಳ್ಳೆಯೂ ಏಳಬಾರದು. ಹೋಸ್, ಕ್ಲಾಂಪ್, ಓ-ರಿಂಗ್, ಕೋರಿನ ಸುತ್ತಲಿನ ಫೋಮ್ ಎಲ್ಲ ಹೊಸದಿರಲಿ. ಫೋಮ್ ಇಲ್ಲದಿದ್ದರೆ ಗಾಳಿ ಪಕ್ಕದಿಂದ ನುಸುಳಿ ಹೀಟರ್ ಸರಿಯಾಗಿ ಬಿಸಿ ಕೊಡುವುದಿಲ್ಲ. ಡ್ಯಾಶ್‌ಬೋರ್ಡ್ ಮುಚ್ಚುವ ಮುನ್ನ ಕೂಲಂಟ್ ತುಂಬಿ ಇನ್ನೊಮ್ಮೆ ಪ್ರೆಷರ್ ಟೆಸ್ಟ್ ಆಗಲಿ. ಈ ಹಂತ ತಪ್ಪಿಸುವ ಗ್ಯಾರೇಜಿಗೆ ಕೆಲಸ ಕೊಡಲೇಬೇಡಿ.

ಕೂಲಂಟ್ ಕಾನ್ಸಂಟ್ರೇಟ್ ಆದರೆ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ. ರೆಡಿಮಿಕ್ಸ್ ಆದರೆ ಹಾಗೇ ಹಾಕಿ. ಹೀಟರ್ ನಾಬ್ ಪೂರ್ತಿ ಬಿಸಿ ಕಡೆಗಿಟ್ಟು, ಮುಂಭಾಗ ಸ್ವಲ್ಪ ಎತ್ತರಿಸಿ, ಎಂಜಿನ್ ತಣ್ಣಗಿರುವಾಗಲೇ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ರೇಡಿಯೇಟರ್‌ಗೆ ದಾರಿ ಬಿಡುವ ಕವಾಟ) ತಾನಾಗಿ ತೆರೆದುಕೊಂಡು ಗುಳ್ಳೆ ನಿಲ್ಲುವವರೆಗೆ ತುಂಬಿಸುತ್ತಿರಿ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಬಂದರೆ ಏರ್‌ಲಾಕ್, ಅಂದರೆ ಪೈಪುಗಳಲ್ಲಿ ಸಿಕ್ಕಿಕೊಂಡ ಗಾಳಿ, ಇನ್ನೂ ಹೋಗಿಲ್ಲ.

ಕಾರ್ಪೆಟ್ ಬಿಸಿಲಿಗೆ ಒಣಗಿದರೆ ಆಯಿತು ಅನ್ನುವವರಿಗೆ: ಗ್ಲೈಕಾಲ್ ನೀರಿನಂತೆ ಆರಿಹೋಗುವುದಿಲ್ಲ. ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ, ಅಡಿಯ ದಪ್ಪ ಫೆಲ್ಟನ್ನು ನೀರಿನಲ್ಲಿ ತೊಳೆದು ಒಣಗಿಸಬೇಕು. ಅಲ್ಲೇ ಹಾಯುವ ವೈರಿಂಗ್ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಹಿಡಿದಿದೆಯೇ ಅಂತಲೂ ನೋಡಿ.

ಈಗ ದುಡ್ಡಿಲ್ಲ ಅನ್ನುವವರು ಫೈರ್‌ವಾಲ್ ಬಳಿ ಎರಡೂ ಹೋಸ್‌ಗಳನ್ನು ಒಂದು ಯು ಪೈಪಿನಿಂದ ಕೂಡಿಸಿ ಕೋರನ್ನು ದಾರಿಯಿಂದ ಬಿಡಿಸಬಹುದು. ಬಿರಡೆ ಹೊಡೆದು ಮುಚ್ಚಬೇಡಿ, ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಮುಚ್ಚಿರುವಾಗ ನೀರು ಸುತ್ತುವುದೇ ಆ ದಾರಿಯಲ್ಲಿ. ರಾಯಚೂರಿನಲ್ಲಿ ಹೀಟರ್ ಇಲ್ಲದೆ ನಡೆಯುತ್ತದೆ. ಮಡಿಕೇರಿ, ಮೂಡಿಗೆರೆಯ ಮಳೆಗಾಲದಲ್ಲಿ ಗಾಜಿನ ಮಂಜು ಬಿಡಿಸಲು ಬಿಸಿ ಗಾಳಿ ಬೇಕೇ ಬೇಕು.

ಈ ಕಾರಿನ ಕಥೆ ಎರಡನೇ ಸಲ ಕೋರ್ ಬದಲಿಸಿದ ಮೇಲೂ ಮುಗಿಯಲಿಲ್ಲ. ಮಾರ್ಚ್‌ನಲ್ಲಿ ಎಸಿ ತಂಪಾಗುತ್ತಿಲ್ಲ ಅಂತ ಗ್ಯಾಸ್ ತುಂಬಿಸಿದರು, ಉಪಯೋಗವಾಗಲಿಲ್ಲ. ಮರುಜೋಡಣೆಯಲ್ಲಿ ಟೆಂಪರೇಚರ್ ಕೇಬಲ್‌ನ ಕ್ಲಿಪ್ ಒಂದು ಸೆಂಟಿಮೀಟರ್ ಆಚೆ ಕೂತಿತ್ತು. ನಾಬ್ ಪೂರ್ತಿ ತಂಪಿಗೆ ತಿರುಗಿಸಿದರೂ ಕೋರಿನ ಕಡೆಗೆ ಗಾಳಿ ಹೋಗದಂತೆ ತಡೆಯುವ ಒಳಗಿನ ಫ್ಲಾಪ್ ಪೂರ್ತಿ ಮುಚ್ಚದೆ, ಎಸಿಯ ಗಾಳಿ ಬಿಸಿ ಕೋರನ್ನು ಸವರಿಕೊಂಡೇ ಬರುತ್ತಿತ್ತು.