ಕಳೆ ಮಷಿನ್ನಿನ ಹೆಡ್ಡಿಗೆ ಯಾವ ಗ್ರೀಸು? ಮೂರನ್ನೂ ಹಾಕಿ ನೋಡಿದ್ದು

ಸಿರ್ಸಿ ಕಡೆ ಕಳೆ ಹೊಡೆಯುವ ಮಷಿನ್ ಇಲ್ಲದ ಅಡಿಕೆ ತೋಟದ ಮನೆ ಈಗ ಕಡಿಮೆ. ಕೊಳೆ ಔಷಧ ಹೊಡೆಯುವವರಿಗೆ ಓಡಾಡಲು ಜಾಗ ಆಗಬೇಕು, ಕೊಯ್ಲಿನ ಹೊತ್ತಿಗೆ ಉದುರಡಿಕೆ ಕಾಣಬೇಕು, ಕತ್ತಿ ಹಿಡಿದು ಬರುವ ಆಳು ಸಿಗುವುದಿಲ್ಲ. ತೋಟದವರು ನಾಲ್ಕು ಜನ ಸೇರಿದರೆ ಲೀಟರ್ ಪೆಟ್ರೋಲಿಗೆ 2ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಬೆರೆಸುವ ಆಯಿಲ್) ಎಷ್ಟು ಹಾಕಬೇಕೆಂಬ ಚರ್ಚೆ ನಡೆದೇ ನಡೆಯುತ್ತದೆ. ಬ್ಲೇಡಿನ ಮೇಲೆ ಮುಷ್ಟಿಯಷ್ಟು ದೊಡ್ಡದಾಗಿ ಕೂತಿರುವ ಗೇರ್ ಹೆಡ್ಡಿನ ವಿಚಾರ ಮಾತ್ರ ಯಾರೂ ಎತ್ತುವುದಿಲ್ಲ. ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತು ತಿರುಗುವ ಎರಡು ಪುಟ್ಟ ಬೆವೆಲ್ ಗೇರುಗಳು, ಅಂದರೆ ಓರೆ ಹಲ್ಲಿನ ಚಕ್ರಗಳು, ಅದರೊಳಗಿವೆ. ಅವಕ್ಕೆ ಆಧಾರ ಒಳಗಿರುವ ಒಂದಿಷ್ಟು ಗ್ರೀಸು, ಅಷ್ಟೇ.

ನಮ್ಮ ಮಷಿನ್ನಿಗೆ ಬೇರೆ ಬೇರೆ ಹಂಗಾಮಿನಲ್ಲಿ ಬೇರೆ ಬೇರೆ ಗ್ರೀಸು ಹಾಕಿ, ಪ್ರತಿ ಸಲ ಹೆಡ್ ಬಿಚ್ಚಿ ನೋಡಿದ್ದೇನೆ. ಪ್ರತಿ ಸಲ ಹಳೆಯದನ್ನು ಪೂರ್ತಿ ಒರೆಸಿಯೇ ಹೊಸದು ಹಾಕಿದ್ದು. ಬೇರೆ ಬೇರೆ ಜಾತಿಯ ಗ್ರೀಸು ಒಂದಕ್ಕೊಂದು ಸೇರಿದರೆ ಕೆಲವು ಸಲ ತೆಳ್ಳಗಾಗಿ ಹರಿದುಬಿಡುತ್ತದೆ.

ಮೊದಲನೆಯದು ಚಾಸಿ ಗ್ರೀಸು. ಕ್ಯಾಲ್ಸಿಯಂ ಸೋಪಿನ ಈ ಗ್ರೀಸು ಅಗ್ಗ, ಎಲ್ಲ ಕಡೆ ಸಿಗುತ್ತದೆ. ನೀರಿಗೆ ಜಗ್ಗುವುದಿಲ್ಲ ಎನ್ನುವುದು ಅದರ ದೊಡ್ಡ ಗುಣ. ಬಸಿಗಾಲುವೆಯ ಅಂಚಿನ ಒದ್ದೆ ಹುಲ್ಲನ್ನು ನೈಲಾನ್ ಹಗ್ಗದಲ್ಲಿ ಹೊಡೆಯುವಾಗ ಅದರಿಂದ ಏನೂ ತೊಂದರೆ ಆಗಲಿಲ್ಲ. ಬೆಟ್ಟದ ಕೆಲಸಕ್ಕೆ ಬ್ಲೇಡ್ ಕಟ್ಟಿ ಲಂಟಾನದ ಬುಡಕ್ಕೆ ಕೊಟ್ಟಾಗ ಅದರ ಬಲಹೀನತೆ ಗೊತ್ತಾಯಿತು. ಹೆಡ್ ಮುಟ್ಟಲಾಗದಷ್ಟು ಕಾಯ್ದಿತ್ತು, ಕೆಳಗಿನ ಸೀಲಿನಿಂದ ಎಣ್ಣೆಯಂತೆ ಇಳಿದ ಗ್ರೀಸಿಗೆ ಹುಲ್ಲಿನ ಹುಡಿ ಅಂಟಿ ಗಾರ್ಡಿನ ಒಳಗೆಲ್ಲ ರೊಟ್ಟಿ ಕಟ್ಟಿತ್ತು. ಈ ಜಾತಿಯ ಗ್ರೀಸು ಸುಮಾರು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ. ಲಿಥಿಯಂ ಗ್ರೀಸು 180ರ ಹತ್ತಿರದ ತನಕ ತಡೆಯುತ್ತದೆ.

ಎರಡನೆಯದು ಬೈಕ್ ಮೆಕ್ಯಾನಿಕ್ಕುಗಳ ಹತ್ತಿರ ಡಬ್ಬಿಗಟ್ಟಲೆ ಇರುವ ಎಪಿ-3, ಲಿಥಿಯಂ ಗ್ರೀಸು. "ಬೈಕಿನ ವೀಲಿಗೆ ಹಾಕುದನ್ನೇ ಹಾಕಿದ್ರೆ ಆಗ್ತಿಲ್ಯ ಭಾವ?" ಎಂದು ಕುಮಟೆಯ ಭಾವ ಕೇಳಿದ್ದ. ಶಾಖಕ್ಕೆ ಆಗುತ್ತದೆ, ಇಳಿಯುವುದೂ ಇಲ್ಲ. ಆದರೆ ಹೆಸರಿನಲ್ಲಿರುವ 3 ಅದರ ಗಟ್ಟಿತನದ ನಂಬರು. ಹೆಡ್ ಬಿಚ್ಚಿದಾಗ ಕಂಡದ್ದಿಷ್ಟು: ಒಳಗೋಡೆಗೆ ಗ್ರೀಸು ದಪ್ಪಗೆ ಮೆತ್ತಿಕೊಂಡಿದೆ, ಬಣ್ಣವೂ ಮಾಸಿಲ್ಲ. ನಡುವೆ ಗೇರು ತಿರುಗಿದಷ್ಟು ಜಾಗ ಕೊರೆದಂತೆ ಖಾಲಿ, ಹಲ್ಲುಗಳ ಮೈ ಒಣಗಿ ಪಳಪಳ ಹೊಳೆಯುತ್ತಿದೆ. ಗೇರು ಒಮ್ಮೆ ಬದಿಗೆ ಎಸೆದ ಗ್ರೀಸು ಮರಳಿ ಬಂದಿಲ್ಲ. ಹೆಡ್ಡಿನ ತುಂಬ ಗ್ರೀಸಿದ್ದೂ ಹಲ್ಲಿಗೆ ಸಿಕ್ಕದಿದ್ದರೆ ಏನು ಬಂತು?

ಮೂರನೆಯದು ಲಿಥಿಯಂ ಇಪಿ-2. ಒಂದು ನಂಬರು ಮೆತ್ತಗೆ, ಜೊತೆಗೆ ಒತ್ತಡ ತಡೆಯುವ ಸೇರ್ಪಡೆ ಇದೆ. ಅಷ್ಟೇ ಕೆಲಸವಾದ ಮೇಲೆ ಬಿಚ್ಚಿದರೆ ಹಲ್ಲಿನ ಸಂದಿಯಲ್ಲೆಲ್ಲ ತೆಳುವಾದ ಪದರ ಇತ್ತು. ಬೆರಳಿಗೆ ತೆಗೆದು ಬಿಸಿಲಿಗೆ ಹಿಡಿದೆ, ಲೋಹದ ಮಿಂಚು ಕಾಣಲಿಲ್ಲ. ನನ್ನ ಆಯ್ಕೆ ಇದೇ, ಮಲೆನಾಡಿಗೂ ಕರಾವಳಿಗೂ. ನೀರು ತಡೆಯುವುದರಲ್ಲಿ ಚಾಸಿ ಗ್ರೀಸಿಗಿಂತ ಒಂದು ಕೈ ಕಡಿಮೆ, ನಿಜ. ಅದಕ್ಕೆ ನೀರಿನಲ್ಲಿ ಕೆಲಸ ಮಾಡಿದ ದಿನ ಸಂಜೆ ಹೆಡ್ಡಿನ ಬದಿಯ ಸ್ಕ್ರೂ ತೆಗೆದು ಕಡ್ಡಿ ಹಾಕಿ ನೋಡುತ್ತೇನೆ. ಹಾಲು ಕಲಸಿದ ಬಣ್ಣ ಬಂದಿದ್ದರೆ ನೀರು ಹೊಕ್ಕಿದೆ, ಪೂರ್ತಿ ಬದಲಿಸಲೇಬೇಕು.

ಗ್ರೀಸಿನ ಬದಲು ಎಂಜಿನ್ ಆಯಿಲ್ ಬಿಡುವವರೂ ಇದ್ದಾರೆ. ಆ ಹೆಡ್ಡಿನ ಸೀಲು ಆಯಿಲ್ ಹಿಡಿಯಲು ಮಾಡಿದ್ದಲ್ಲ. ಎಲ್ಲ ಸೋರಿಹೋಗುತ್ತದೆ.

ಹಾಕುವ ರೀತಿಯೂ ಗ್ರೀಸಿನಷ್ಟೇ ಮುಖ್ಯ. ಬ್ಲೇಡಿಗೆ ಕೈ ಹಾಕುವ ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತಿಡಿ. ಹೆಡ್ಡಿನ ಬದಿಯ ಸ್ಕ್ರೂ ಸುತ್ತಲಿನ ಮಣ್ಣು ಒರೆಸಿ, ಆಮೇಲೆ ಬಿಚ್ಚಿ. ಗ್ರೀಸ್ ಗನ್ ಹಚ್ಚಿ ಒತ್ತಿದರೆ ಸೀಲು ಹೊರಬರುತ್ತದೆ, ಟ್ಯೂಬಿನಿಂದ ಹಾಕುವುದೇ ಸರಿ. ತಪಾಸಣೆ ಮಾಡಿ ಕಡಿಮೆ ಕಂಡಾಗ ಐದರಿಂದ ಹತ್ತು ಗ್ರಾಮ್ ಸಾಕು. ಬ್ಲೇಡನ್ನು ಕೈಯಲ್ಲಿ ತಿರುಗಿಸುತ್ತ ಹಾಕಬೇಕು, ಕಂಠಮಟ್ಟ ತುಂಬಬಾರದು. ಹಿಗ್ಗಲು ಜಾಗವಿಲ್ಲದ ಗ್ರೀಸು ಕಾಯ್ದಾಗ ಸೀಲನ್ನೇ ದೂಡುತ್ತದೆ. ಸುಮಾರು 25 ತಾಸಿನ ಕೆಲಸಕ್ಕೊಮ್ಮೆ ನೋಡುವುದು ಒಳ್ಳೆಯ ಲೆಕ್ಕ, ಮಳೆಗಾಲದಲ್ಲಿ ಇನ್ನೂ ಬೇಗ.

ಭಾವನದು ಬೆನ್ನಿಗೆ ಹಾಕುವ ಮಷಿನ್. ಅದರ ಎಂಜಿನ್ನಿಗೂ ಕೋಲಿಗೂ ನಡುವೆ ಬಾಗುವ ಕೇಬಲ್ ಇರುತ್ತದೆ, ಅದಕ್ಕೂ ಗ್ರೀಸು ಬೇಕು. ಅವನ ತೆಂಗಿನ ತೋಟ ಸಮುದ್ರದ ಹತ್ತಿರ, ನೆಲವೆಲ್ಲ ಹೊಯ್ಗೆ. ಕೇಬಲ್ ಎಳೆದು ಅಂಗಳದಲ್ಲಿಟ್ಟರೆ ಮರಳು ಮೆತ್ತಿ ಅರದಂತೆ ಉಜ್ಜುತ್ತದೆ. ಹಾಸಿದ ಗೋಣಿಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಒರೆಸಿ, ತೆಳ್ಳಗೆ ಸವರಿ ಒಳಗೆ ಸೇರಿಸಿದರೆ ಒಳ್ಳೆಯದು. ಉಪ್ಪುಗಾಳಿಗೆ ಹೊರಗಿನ ನಟ್ಟು ಬೋಲ್ಟು ತುಕ್ಕು ಹಿಡಿಯುವುದು ಅಲ್ಲಿ ಬಹಳ ಬೇಗ, ಬ್ಲೇಡ್ ಕೂರುವ ಶಾಫ್ಟಿನ ಹಲ್ಲಿಗೂ ಒಂದು ಲೇಪ ಕೊಡಬೇಕು.

ಇನ್ನು 2ಟಿ ಆಯಿಲ್. ಲೀಟರ್ ಪೆಟ್ರೋಲಿಗೆ 20 ಮಿಲಿ ಎಂದರೆ 50ಕ್ಕೆ 1, 40 ಮಿಲಿ ಎಂದರೆ 25ಕ್ಕೆ 1. ಡಬ್ಬಿಯ ಮೇಲೆ ಜಾಸೋ (ಜಪಾನಿನ ಗುಣಮಟ್ಟದ ಗುರುತು) ಎಫ್‌ಬಿ, ಎಫ್‌ಸಿ, ಎಫ್‌ಡಿ ಎಂದು ದರ್ಜೆ ಬರೆದಿರುತ್ತದೆ, ಈ ಮೂರರಲ್ಲಿ ಎಫ್‌ಡಿ ಮೇಲಿನದು. ಸಾದಾ ಆಯಿಲ್ 40 ಮಿಲಿ ಹಾಕಿದಾಗ ಸೈಲೆನ್ಸರಿನ ಜಾಲರಿಗೆ ಮಸಿ ಕಟ್ಟಿ, ಏರಿನಲ್ಲಿ ಮಷಿನ್ ಉಸಿರು ಕಟ್ಟಿದ ಹಾಗೆ ಮಾಡುತ್ತಿತ್ತು. ಎಫ್‌ಡಿ 20 ಮಿಲಿಯಲ್ಲಿ ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕೆ ಬಂತು, ಹೊಗೆಯೂ ಇಳಿಯಿತು. ಹಾಗೆಂದು ಎಲ್ಲರೂ 20ಕ್ಕೆ ಇಳಿಸಬಾರದು. ನಿಮ್ಮ ಮಷಿನ್ನಿನ ಪುಸ್ತಕ 25ಕ್ಕೆ 1 ಎಂದಿದ್ದರೆ ಅಷ್ಟೇ ಹಾಕಿ, ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಜೀಪು, ಟ್ರ್ಯಾಕ್ಟರಿಗೆ ಹಾಕುವ ಆಯಿಲನ್ನು ಪೆಟ್ರೋಲಿಗೆ ಬೆರೆಸುವುದಂತೂ ಬೇಡವೇ ಬೇಡ, ಅದು ಉರಿದು ಹೋಗಲು ಮಾಡಿದ್ದಲ್ಲ.

ಫೋರ್ ಸ್ಟ್ರೋಕ್ ಮಷಿನ್ ತೆಗೆದುಕೊಂಡರೆ ಬೆರಕೆಯ ಗೋಜಿಲ್ಲ, ಆದರೆ ಅದರ ಹೊಟ್ಟೆಯಲ್ಲಿರುವುದು ನೂರು ಮಿಲಿ ಆಸುಪಾಸಿನ ಆಯಿಲ್. ಅಷ್ಟರಲ್ಲಿ ಸ್ವಲ್ಪ ಕಡಿಮೆಯಾದರೂ ಎಂಜಿನ್ನಿಗೆ ಅಪಾಯ. ದಿನಾ ಬೆಳಿಗ್ಗೆ ಮಟ್ಟ ನೋಡುವ ಶಿಸ್ತು ಮನೆಯವರಿಗಿದ್ದರೆ ಅದು ಒಳ್ಳೆಯದು. ಮಷಿನ್ ಬಾಡಿಗೆಗೆ ನಾಲ್ಕು ಕೈ ತಿರುಗುವುದಾದರೆ ಟೂ ಸ್ಟ್ರೋಕೇ ಇರಲಿ. ಎರಡರ ಹೆಡ್ಡಿಗೂ ಮಾತ್ರ ಅದೇ ಇಪಿ-2 ಟ್ಯೂಬು ಸಾಕಾಗುತ್ತದೆ.